ದ್ಯಾಮವ್ವನ ಬಲಗೈ

ನೀಲಪ್ಪ ಬಡಿಗೇರನ ವಿಷಯ ಬರೆಯಬೇಕೆಂದರೆ ಮೊದಲು ನನ್ನ ಬಾಯಿಯ ವಿಷಯ ಬರೆಯಬೇಕು. ಆ ಬಾಯಿ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ನಾನು ರಮಾಕಾಂತ, ಧಾರವಾಡದವನು. ನಮ್ಮ ಮನೆಯಲ್ಲಿ ಎಲ್ಲರೂ ಶಾಲೆ ಹಿಡಿದವರು, ಕಚೇರಿ ಹಿಡಿದವರು, ಇಲ್ಲವೇ ತಂಬೂರಿ ಹಿಡಿದವರು. ನಾನು ಇಂಟರ್ ಪರೀಕ್ಷೆಗೆ ಎರಡು ಸಲ ಕೂತು, ಎರಡೂ ಸಲ ನಪಾಸಾಗಿ, ದಿನಾ ಬೆಳಿಗ್ಗೆ ರೈಲು ಹತ್ತಿ ಹುಬ್ಬಳ್ಳಿಗೆ ಬಂದು ಶರೀಫಸಾಬರ ಅಂಗಡಿಯಲ್ಲಿ ಮೊಳೆ, ಬಿಜಾಗರಿ, ಬಣ್ಣ ಮಾರುತ್ತಿದ್ದೆ. ಇಂಗ್ಲಿಷ್ ಓದಲು ಬರುತ್ತದೆಂಬ ಒಂದೇ ಕಾರಣಕ್ಕೆ ಶರೀಫಸಾಬರು ನನ್ನನ್ನು ಇಟ್ಟುಕೊಂಡಿದ್ದರು. ಡಬ್ಬಿಯ ಮೇಲೆ ಬರೆದದ್ದನ್ನು ಗಟ್ಟಿಯಾಗಿ ಓದಿ, ಅರ್ಧ ತಿಳಿದು, ಪೂರ್ತಿ ತಿಳಿದವನಂತೆ ಹೇಳುವುದು ನನ್ನ ಕೆಲಸ. ಆ ಕೆಲಸದಲ್ಲಿ ನನಗೆ ಬಹಳ ಜಂಬವಿತ್ತು. ಧಾರವಾಡದ ಮನೆಯಲ್ಲಿ ನನ್ನ ಮಾತು ಯಾರೂ ಕೇಳುತ್ತಿರಲಿಲ್ಲ, ಹುಬ್ಬಳ್ಳಿಯಲ್ಲಿ ಗಿರಾಕಿಗಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು.

ನೀಲಪ್ಪ ನಮ್ಮ ಗಿರಾಕಿ. ಕಮರಿಪೇಟೆಯ ಓಣಿಯಲ್ಲಿ ಅವನ ಮನೆ, ಮನೆಯ ಮುಂದಿನ ಪಡಸಾಲೆಯೇ ಅವನ ಕಾರ್ಖಾನೆ. ಐವತ್ತೈದರ ಆಸುಪಾಸಿನ ಸಣಕಲು ಮನುಷ್ಯ. ಕಿವಿಯ ಮೇಲೆ ತುಂಡು ಪೆನ್ಸಿಲು, ತಲೆಯ ಮೇಲೆ ಗರಗಸದ ಪುಡಿ. ಅಂಗಡಿಗೆ ಬಂದರೆ ಬೇಕಾದ್ದು ಕೇಳಿ, ತೆಗೆದುಕೊಂಡು, ಹೋಗಿಬಿಡುತ್ತಿದ್ದ. ಕಟ್ಟೆಯ ಮೇಲೆ ಕೂತು ಹರಟುವವನಲ್ಲ. ಹೆಂಡತಿ ಸತ್ಯವ್ವ ತೀರಿಕೊಂಡು ಮೂರು ವರ್ಷವಾಗಿತ್ತು. ಅವನ ರೊಟ್ಟಿ ಅವನೇ ಬಡಿದುಕೊಳ್ಳುತ್ತಿದ್ದ, ಅವನ ಅಂಗಿ ಅವನೇ ಒಗೆದುಕೊಳ್ಳುತ್ತಿದ್ದ. ಆ ಓಣಿಯಲ್ಲಿ ಸಂಜೆಯ ಹೊತ್ತು ಎಲ್ಲ ಮನೆಗಳಿಂದ ಮಾತು ಕೇಳುತ್ತಿತ್ತು. ಅವನ ಮನೆಯಿಂದ ಮಾತ್ರ ಉಜ್ಜುಗೊರಡಿನ ಸಪ್ಪಳ, ಅದು ನಿಂತರೆ ಏನೂ ಇಲ್ಲ.

ಒಂದು ದಿನ ಮಾತಿಗೆ ಮಾತು ಬಂದು ಕೇಳಿದೆ.

"ಮಕ್ಕಳು ಎಷ್ಟ ಮಂದಿ ಕಾಕಾ?"

"ಒಬ್ಬಾಕಿ ಅದಾಳ್ರಿ ರಾಯರ. ಕೊಟ್ಟ ಮನ್ಯಾಗ ಚಲೋ ಅದಾಳ," ಅಂದ.

ಅವನು ಹೋದ ಮೇಲೆ ಶರೀಫಸಾಬರು ನಕ್ಕರು. "ಅಂವಗೆಲ್ಲಿ ಮಕ್ಕಳು? ಅಂವಾ ಹೇಳಿದ್ದು ದ್ಯಾಮವ್ವನ ಮಾತು," ಅಂದರು.

ನಮ್ಮ ಕಡೆಯ ಹಳ್ಳಿಗಳಲ್ಲಿ ದ್ಯಾಮವ್ವನ ಮೂರ್ತಿ ಕಟ್ಟಿಗೆಯದು. ಅದನ್ನು ಕಡೆದವನು ಬಡಿಗೇರ, ಆದ್ದರಿಂದ ಬಡಿಗೇರನ ಮನೆಯೇ ದೇವಿಯ ತವರು. ಮೂರ್ತಿಯ ಬಣ್ಣ ಮಾಸಿದಾಗ, ಕೈಕಾಲಿನ ಕೀಲು ಸಡಿಲಾದಾಗ, ಊರವರು ಅವಳನ್ನು ಚಕ್ಕಡಿಯಲ್ಲಿ ಕೂರಿಸಿ ತವರಿಗೆ ಕಳಿಸುತ್ತಾರೆ. ರಿಪೇರಿಗೆ ಕಳಿಸಿದೆವು ಎಂದು ಯಾರೂ ಅನ್ನುವುದಿಲ್ಲ. ಬಡಿಗೇರ ಅಪ್ಪನಾಗುತ್ತಾನೆ, ಊರ ಗೌಡ ಬೀಗನಾಗುತ್ತಾನೆ. ನೀಲಪ್ಪನ ಅಜ್ಜ ಕಡೆದ ದ್ಯಾಮವ್ವ ಅಮರಗೋಳದ ಆಚೆಯ ಒಂದು ಸಣ್ಣ ಹಳ್ಳಿಯಲ್ಲಿದ್ದಳು. ಹಳ್ಳಿಯ ಹೆಸರು ಬರೆಯುವುದಿಲ್ಲ. ಅಲ್ಲಿಯವರಿಗೆ ಈಗಲೂ ನನ್ನ ಮೇಲೆ ಸಿಟ್ಟಿದೆ.

೧೯೫೭ರ ಚಳಿಗಾಲದಲ್ಲಿ ಅವಳು ತವರಿಗೆ ಬಂದದ್ದನ್ನು ನಾನು ನೋಡಿದೆ. ಬಣ್ಣದ ಡಬ್ಬಿ ಕೊಡುವ ನೆವದಲ್ಲಿ ಹೋಗಿದ್ದೆ. ಅದೇ ಮನೆಯೋ ಅಲ್ಲವೋ ಅನ್ನಿಸಿತು. ಬಾಗಿಲಿಗೆ ಮಾವಿನ ತೋರಣ, ಅಂಗಳದಲ್ಲಿ ರಂಗೋಲಿ, ಒಳಗೆ ಹತ್ತಿಪ್ಪತ್ತು ಹೆಂಗಸರು. ಓಣಿಯ ಮಂದಿ ದಿನಕ್ಕೊಬ್ಬರಂತೆ ಅಡಿಗೆ ಮಾಡಿ ತರುತ್ತಿದ್ದರು. ಮಗಳು ಮನೆಗೆ ಬಂದಾಗ ಒಲೆ ತಣ್ಣಗಿರಬಾರದಂತೆ. ಹಳ್ಳಿಯ ಗೌಡರ ತಾಯಿ ಉಡಚವ್ವ, ಎಪ್ಪತ್ತು ದಾಟಿದ ಮುದುಕಿ, ದೇವಿಯ ಜೊತೆಗೆ ಬಂದು ಅಲ್ಲೇ ಠಿಕಾಣಿ ಹೂಡಿದ್ದಳು. ಸೊಸೆಯನ್ನು ತವರಿಗೆ ಬಿಡಲು ಬಂದ ಅತ್ತೆಯ ಗತ್ತಿನಲ್ಲಿ ನೀಲಪ್ಪನನ್ನು ಅದಿಲ್ಲ ಇದಿಲ್ಲ ಎಂದು ಗದರುತ್ತಿದ್ದಳು. ನೀಲಪ್ಪ "ಆತ್ರಿ ಬೀಗತಿಯವರ, ತರ್ತೇನ್ರಿ" ಎನ್ನುತ್ತ ಓಡಾಡುತ್ತಿದ್ದ. ಅವನು ನಗುವುದನ್ನು ನಾನು ಮೊದಲು ನೋಡಿದ್ದು ಅಲ್ಲಿ.

ನಡುವೆ ದ್ಯಾಮವ್ವ. ಬಣ್ಣ ಕೆರೆದು ತೆಗೆದಿದ್ದರಿಂದ ಬರಿ ಸಾಗವಾನಿಯ ಮೈ. ನಾಲ್ಕು ತೋಳುಗಳನ್ನು ಬಿಚ್ಚಿ ಬೇರೆ ಇಟ್ಟಿದ್ದ. ಪ್ರತಿ ತೋಳಿನ ತುದಿಗೂ ಒಂದು ಗೂಟ, ಭುಜದಲ್ಲಿ ಆ ಗೂಟಕ್ಕೆ ತಕ್ಕ ತೂತು. ಹಳೆಯ ಅಂಟನ್ನು ಬಿಸಿನೀರಿನ ಬಟ್ಟೆಯಿಂದ ಮೆತ್ತಗೆ ಮಾಡಿ ಒರೆಸಿ, ಹೊಸ ಸರೇಸು ಹಚ್ಚಿ ಕೂರಿಸುತ್ತಿದ್ದ. ಸರೇಸು ಅಂದರೆ ತೊಗಲು, ಎಲುಬು ಕುದಿಸಿ ಮಾಡಿದ ಬಡಿಗೇರರ ಹಳೆಯ ಅಂಟು. ಅದರ ನಾತ ನನ್ನ ಮೂಗಿಗೆ ಹೊಡೆದು ನಾನು ಹೊರಗೆ ಓಡಿ ಬಂದೆ. ಆ ಹೆಂಗಸರಲ್ಲಿ ಒಬ್ಬರೂ ಮೂಗು ಮುಚ್ಚಿಕೊಂಡಿರಲಿಲ್ಲ.

ತಿಂಗಳೊಪ್ಪತ್ತು ಇದ್ದು ಅವಳು ಹೋದಳು. ಉಡಿ ತುಂಬಿ, ಹೊಸ ಸೀರೆ ಉಡಿಸಿ, ನೀಲಪ್ಪ ಚಕ್ಕಡಿಯ ಹಿಂದೆ ಊರ ದಾರಿಯವರೆಗೆ ನಡೆದು ಹೋಗಿ ಬಂದನಂತೆ. ಮರುವಾರ ಅಂಗಡಿಗೆ ಬಂದಾಗ ಮತ್ತೆ ಅದೇ ಮನುಷ್ಯ. ಮೊಳೆ ಕೇಳಿದ, ತೆಗೆದುಕೊಂಡ, ಹೋದ. ಸರೇಸಿನ ಕೀಲು ಐದಾರು ವರ್ಷ ತಡೆಯುತ್ತದೆ. ನೀಲಪ್ಪ ತನ್ನ ಬದುಕನ್ನು ಆ ಲೆಕ್ಕದಲ್ಲೇ ಬದುಕುತ್ತಿದ್ದ ಎಂದು ನನಗೆ ಆಗ ತಿಳಿಯಲಿಲ್ಲ.

೧೯೬೨ರಲ್ಲಿ ನಮ್ಮ ಅಂಗಡಿಗೆ ಎರಡು ಟ್ಯೂಬಿನ ಅಂಟು ಬಂತು. ಎಪಾಕ್ಸಿ ಎಂದು ಅದರ ಹೆಸರು. ಒಂದು ಟ್ಯೂಬಿನಲ್ಲಿ ರಾಳ, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ಮದ್ದು. ಎರಡನ್ನೂ ಸಮ ಪ್ರಮಾಣದಲ್ಲಿ ಕಲಸಿ ಹಚ್ಚಿದರೆ ಒಂದು ದಿನದಲ್ಲಿ ಕಲ್ಲಾಗುತ್ತದೆ. ನನಗೆ ಹಬ್ಬವಾಯಿತು. ಮುರಿದ ಸ್ಟೂಲಿನ ಕಾಲನ್ನು ಅದರಿಂದ ಅಂಟಿಸಿ, ಮರುದಿನ ಅಂಗಡಿಯ ಮುಂದೆ ಆ ಸ್ಟೂಲಿನ ಮೇಲೆ ನಾನೇ ಹತ್ತಿ ನಿಂತು ಕುಣಿದೆ. ಹತ್ತಾರು ಮಂದಿ ಸೇರಿದರು. "ಬಿಸಿನೀರಿಗೆ ಬಿಡೂದಿಲ್ಲ, ತಣ್ಣೀರಿಗೆ ಬಿಡೂದಿಲ್ಲ. ಒಮ್ಮೆ ಹಚ್ಚಿದ್ರ ಮುಗೀತು!" ಎಂದು ಕೂಗಿ ಹೇಳಿದೆ.

ಆ ಗುಂಪಿನಲ್ಲಿ ದ್ಯಾಮವ್ವನ ಊರಿನ ಸೋಮಪ್ಪಗೌಡರು ಇದ್ದರು, ಉಡಚವ್ವನ ಮಗ. ಹತ್ತಿ ಮಾರಲು ಹುಬ್ಬಳ್ಳಿಗೆ ಬಂದವರು.

"ದೇವರ ಮೂರ್ತಿಗೆ ನಡೀತೈತೇನ್ರಿ ಇದು?" ಎಂದು ಕೇಳಿದರು. ಆ ವರ್ಷ ಮೆರವಣಿಗೆಯಲ್ಲಿ ದೇವಿಯ ಕತ್ತಿ ಹಿಡಿದ ಬಲಗೈ ಜೋಲಿ ಹೊಡೆದು, ಪೂಜಾರಿ ಅದನ್ನು ದೇವಿಯ ಸೆರಗಿನಲ್ಲಿ ಮುಚ್ಚಿ ಹಿಡಿದು ಊರೆಲ್ಲ ಸುತ್ತಿದ್ದನಂತೆ. ಪಕ್ಕದೂರಿನವರು ನಕ್ಕರಂತೆ.

"ನಡಿಯೂದಂದ್ರೇನು ಗೌಡ್ರ! ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಆ ಕೈ ಅಲ್ಲಾಡೂದಿಲ್ಲ," ಅಂದೆ.

ಯಾರೂ ನನ್ನನ್ನು ಅಷ್ಟು ಕೇಳಿರಲಿಲ್ಲ. ಆದರೆ ಅಂದುಬಿಟ್ಟೆ.

ದೀಪಾವಳಿ ಮುಗಿದ ಮೇಲೆ ದ್ಯಾಮವ್ವ ತವರಿಗೆ ಬಂದಳು. ಅದೇ ವಾರ ನೀಲಪ್ಪ ಅಂಗಡಿಗೆ ಬಂದ. ಮೊದಲ ಸಲ ಕಟ್ಟೆಯ ಮೇಲೆ ಕೂತ.

"ಗೌಡ್ರು ಹೊಸ ಅಂಟು ಹಾಕಂತಾರ. ತೋರಸ್ರಿ ರಾಯರ, ಏನೈತಿ ಅದು," ಅಂದ.

ನಮ್ಮಲ್ಲಿ ಎರಡು ತರಹ ಇತ್ತು. ಒಂದು ತೆಳ್ಳಗಿನದು, ಎಣ್ಣೆಯಂತೆ ಹರಿಯುವುದು, ಬೇಗ ಹಿಡಿಯುವುದು. ಇನ್ನೊಂದು ಜೇನಿನಷ್ಟು ಮಂದ, ಇಡೀ ದಿನ ತೆಗೆದುಕೊಳ್ಳುವುದು. ನಾನು ಜೊತೆಗಿದ್ದ ಕಾಗದ ಓದಿ ಹೇಳಿದೆ. ನಾನು ಓದಿದ ಪ್ರತಿ ಸಾಲಿಗೂ ಅವನದೊಂದು ಪ್ರಶ್ನೆ. ತೆಳ್ಳಗಿನದು ಕಟ್ಟಿಗೆಯ ಒಳಗೆ ಎಷ್ಟು ಇಳಿಯುತ್ತದೆ? ಗೂಟಕ್ಕೂ ತೂತಿಗೂ ನಡುವೆ ಸಂದು ಇದ್ದರೆ ತುಂಬುತ್ತದೆಯೇ? ಚಳಿಯಲ್ಲಿ ಹಿಡಿಯುತ್ತದೆಯೇ? ಸಾಗವಾನಿಯ ಮೈಯಲ್ಲಿ ಎಣ್ಣೆ ಇರುತ್ತದಲ್ಲ, ಅದಕ್ಕೆ ಏನು ಮಾಡಬೇಕು? ಕಾಗದದಲ್ಲಿ ಅಷ್ಟೆಲ್ಲ ಇರಲಿಲ್ಲ. ನಾನು ಎಲ್ಲದಕ್ಕೂ ಹೌದು ಹೌದು ಅಂದೆ. ನಾನು ಬಾಯಿಗೆ ಬಂದದ್ದು ಹೇಳುತ್ತಿದ್ದೇನೆಂದು ಅವನಿಗೆ ಗೊತ್ತಾಯಿತು. ಎರಡನ್ನೂ ಕೊಂಡು ಎದ್ದು ಹೋದ.

ಎಂಟು ದಿನ ಪರೀಕ್ಷೆ ನಡೆಸಿದ. ನಾನು ಸಂಜೆ ರೈಲಿಗೆ ಮುಂಚೆ ಅವನ ಮನೆಗೆ ಹೋಗಿ ನೋಡುತ್ತಿದ್ದೆ. ಒಳಗೆ ಉಡಚವ್ವನ ಹಾಡು, ಹೆಂಗಸರ ಗದ್ದಲ, ಪಡಸಾಲೆಯಲ್ಲಿ ಇವನೊಬ್ಬ ಸಾಗವಾನಿಯ ತುಂಡುಗಳ ನಡುವೆ. ಮೊದಲು ಅಂಟಿಸಿದ ತುಂಡುಗಳು ಸಿಪ್ಪೆಯಂತೆ ಬಿಟ್ಟುಕೊಂಡವು. ನನಗೆ ಮುಖಭಂಗ. ಅವನು ಬೈಯಲಿಲ್ಲ. ತುಂಡನ್ನು ಮೂಸಿದ, ಬೆರಳಿನಿಂದ ಉಜ್ಜಿದ, "ಎಣ್ಣಿ ಬಿಡವಲ್ದು" ಅಂದ. ಎರಡನೆಯ ಸಲ ಕಟ್ಟಿಗೆಯನ್ನು ಸ್ಪಿರಿಟಿನಿಂದ ಒರೆಸಿ, ಸ್ವಲ್ಪ ಒರಟು ಮಾಡಿ ಹಚ್ಚಿದ. ತೆಳ್ಳಗಿನದು ಸಂದಿನಿಂದ ಹರಿದು ಹೋಯಿತು. ಮಂದವಾದದ್ದಕ್ಕೆ ಗರಗಸದ ನುಣ್ಣನೆಯ ಪುಡಿ ಬೆರೆಸಿ ತುಂಬಿದ. ಅದು ಕೂತಿತು. ಮಂದವಾದದ್ದೇ ಸರಿ ಎಂದು ಗೊತ್ತುಮಾಡಿದ. ಕಾಗದದಲ್ಲಿ ಇಲ್ಲದ್ದನ್ನೆಲ್ಲ ಅವನು ಕೈಯಿಂದ ಓದಿದ. ಆಮೇಲೆ ಎಷ್ಟೋ ವರ್ಷ ನಾನು ಗಿರಾಕಿಗಳಿಗೆ ಹೇಳಿದ್ದು ಅವನು ಕಲಿತದ್ದನ್ನೇ, ನನ್ನ ಹೆಸರಿನಲ್ಲಿ.

ಕೊನೆಯ ದಿನ ಗಟ್ಟಿಯಾದ ತುಂಡನ್ನು ಕಲ್ಲಿನ ಮೇಲೆ ಇಟ್ಟು ಕೊಡತಿಯಿಂದ ಹೊಡೆದ. ಎರಡು, ಮೂರು, ನಾಲ್ಕು ಏಟು. ಐದನೆಯದಕ್ಕೆ ಮುರಿಯಿತು. ಎತ್ತಿ ನನ್ನ ಕೈಗೆ ಕೊಟ್ಟ. ಅಂಟಿಸಿದ ಗೆರೆ ಹಾಗೇ ಇತ್ತು. ಪಕ್ಕದ ಕಟ್ಟಿಗೆ ಸೀಳಿ ಹೋಗಿತ್ತು.

"ನೋಡಿದಿರಾ! ಕಟ್ಟಿಗಿನ ಸೋತದ, ಅಂಟು ಸೋತಿಲ್ಲ!" ಎಂದು ನಾನು ಕುಣಿದಾಡಿದೆ.

"ಹೌದ್ರಿ. ಅದ ನನಗ ಅಂಜಿಕಿ," ಅಂದ.

ನನಗೆ ಅರ್ಥವಾಗಲಿಲ್ಲ. ಅವನು ನಿಧಾನವಾಗಿ ತಿಳಿಸಿದ. ಕಟ್ಟಿಗೆ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಭುಜದ ಎಳೆ ಒಂದು ಕಡೆ ಎಳೆದರೆ ತೋಳಿನ ಗೂಟ ಇನ್ನೊಂದು ಕಡೆ ಎಳೆಯುತ್ತದೆ. ಆ ಜಗ್ಗಾಟದಲ್ಲಿ ಯಾರಾದರೂ ಒಬ್ಬರು ಬಿಟ್ಟುಕೊಡಬೇಕು. ಸರೇಸು ತಾನೇ ಬಿಟ್ಟುಕೊಡುತ್ತದೆ. ಕೀಲು ಸಡಿಲಾಗುತ್ತದೆ, ಬಿಚ್ಚಿ ಮತ್ತೆ ಕೂರಿಸಿದರಾಯಿತು, ಮೈಗೆ ಏನೂ ಆಗುವುದಿಲ್ಲ. ಈ ಅಂಟು ಬಿಟ್ಟುಕೊಡುವುದಿಲ್ಲ. ಹಾಗಾದರೆ ಒಂದಲ್ಲ ಒಂದು ದಿನ ಮೈಯೇ ಬಿರಿಯುತ್ತದೆ. ಮೈ ಬಿರಿದ ಮೂರ್ತಿ ಭಿನ್ನವಾದಂತೆ, ಅದಕ್ಕೆ ಪೂಜೆಯಿಲ್ಲ, ಅದನ್ನು ನೀರಿಗೆ ಬಿಡಬೇಕು.

"ಹಂಗಿದ್ರ ಗೌಡ್ರಿಗೆ ಹೇಳ್ರಿ," ಅಂದೆ.

"ಹೇಳಾಕ ಹೋಗಿದ್ನಿ."

ಹೇಳಲು ಹೋದದ್ದು ಹೀಗೆ. ಹಿಂದಿನ ದಿನ ಗೌಡರೂ ಊರಿನ ನಾಲ್ಕು ಹಿರಿಯರೂ ದೇವಿಯನ್ನು ಕಾಣಲು ಬಂದಿದ್ದರು. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ಎಲ್ಲರೂ ಉಲ್ಲಾಸದಲ್ಲಿದ್ದರು. ನೀಲಪ್ಪ ಕೈ ಕಟ್ಟಿಕೊಂಡು, "ಗೌಡ್ರ, ಸರೇಸ ಹಾಕಿದ್ರ ಚಲೋ ಅನಸ್ತೈತ್ರಿ. ಬಿಟ್ಟಾಗ ತಂದ್ರ ಮತ್ತ ಕುಂಡ್ರಸ್ತೇನಿ," ಎಂದು ಶುರು ಮಾಡಿದ. ಗೌಡರು ಗಹಗಹಿಸಿ ನಕ್ಕರು. "ಏ ಬೀಗಾ, ನಿನಗ ಕಟ್ಟಿಗಿ ಚಿಂತಿಲ್ಲೋ, ಮಗಳನ್ನ ಬಿಟ್ಟಿರಲಾರದ ಚಿಂತಿ! ಐದ ವರ್ಷಕ್ಕೊಮ್ಮೆ ಕೈ ಮುರಕೊಂಡು ಬರ್ಲಿ ಅಂತೀಯಲ್ಲ, ಎಂಥಾ ಅಪ್ಪನೋ ನೀನು!" ಎಲ್ಲರೂ ನಕ್ಕರು. ಬೀಗರ ನಡುವಿನ ಚೇಷ್ಟೆ ಅದು, ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಬಾಗಿಲ ಸಂದಿಯಲ್ಲಿ ಕೂತಿದ್ದ ಉಡಚವ್ವ ಒಬ್ಬಳೇ ನಗಲಿಲ್ಲವಂತೆ. ನೀಲಪ್ಪನೂ ಹಲ್ಲು ಕಿರಿದು ಒಳಗೆ ಹೋದ.

ಇದನ್ನು ಹೇಳಿ ಮುಗಿಸಿ ಅವನು ಕೊಡತಿಯ ಹಿಡಿಕೆ ಉಜ್ಜತೊಡಗಿದ.

"ರಾಯರ, ಗೌಡ್ರು ಚ್ಯಾಷ್ಟಿ ಮಾಡಿದ್ರು. ಆದ್ರ ಆ ಮಾತು ನನಗ ನಟ್ಟೈತಿ. ರಾತ್ರಿ ಉಂಡಿಲ್ಲ. ಕಟ್ಟಿಗಿ ಸಲುವಾಗಿ ಹೇಳಾಕತ್ತೇನೋ, ಆಕಿ ಮತ್ತ ಬರ್ಲಿ ಅಂತ ಹೇಳಾಕತ್ತೇನೋ, ನನಗ ತಿಳೀವಲ್ದು. ಈ ಮನ್ಯಾಗ ಆಕಿ ಬಂದಾಗ ಅಷ್ಟ ನಾನು ಮನಿಷ್ಯಾ ಆಗಿರ್ತೇನಿ. ಉಳದಿದ್ದ ದಿನ ಗ್ವಾಡಿ ನೋಡಕೊಂತ ಇರ್ತೇನಿ. ಅಂಥಾವನ ಮಾತು ಯಾರರ ಯಾಕ ನಂಬಬೇಕು? ನಾನ ನಂಬೂದಿಲ್ಲ."

ಇಲ್ಲಿ ನಾನು ಒಂದು ಒಳ್ಳೆಯ ಮಾತು ಆಡಬಹುದಿತ್ತು. ನಿನ್ನ ಒಂಟಿತನ ನಿನ್ನದು, ಕಟ್ಟಿಗೆಯ ಗುಣ ಕಟ್ಟಿಗೆಯದು, ಎರಡೂ ಏಕಕಾಲಕ್ಕೆ ನಿಜವಾಗಬಹುದು ಎಂದು ಹೇಳಬಹುದಿತ್ತು. ನನಗೆ ರೈಲಿನ ಹೊತ್ತಾಗಿತ್ತು. ನನ್ನ ಅಂಟಿನ ಮೇಲೆ ಅನುಮಾನ ಪಟ್ಟನಲ್ಲ ಎಂದು ಒಳಗೊಳಗೆ ಸಿಟ್ಟೂ ಬಂದಿತ್ತು.

"ಹಂಗ ಅನಸಿದ್ರ ಸುಮ್ಮನಿರ್ರಿ ಕಾಕಾ. ಗೌಡ್ರು ಹೇಳಿದ್ದು ಮಾಡ್ರಿ," ಅಂದುಬಿಟ್ಟು ಹೊರಟೆ.

ಅವನು ಮಾಡಿದ. ಮಾಡುವುದಾದರೆ ಕೆಲಸ ಕೆಡಿಸಬಾರದೆಂದು ಅಚ್ಚುಕಟ್ಟಾಗಿ ಮಾಡಿದ. ನಾಲ್ಕೂ ಗೂಟಗಳನ್ನು ಸ್ಪಿರಿಟಿನಿಂದ ಒರೆಸಿ, ಅಂಟನ್ನು ತೂಗಿದಂತೆ ಸಮ ಕಲಸಿ, ಪುಡಿ ಬೆರೆಸಿ, ಒಂದೊಂದು ತೋಳನ್ನೂ ಕೂರಿಸಿ ಎರಡು ದಿನ ಹಗ್ಗ ಬಿಗಿದು ಇಟ್ಟ. ಹಗ್ಗ ಬಿಗಿದ ಗುರುತು ಮೈಮೇಲೆ ಬೀಳಬಾರದೆಂದು ಕೆಳಗೆ ಸತ್ಯವ್ವನ ಹಳೆಯ ಸೀರೆಯ ತುಂಡುಗಳನ್ನು ಮಡಿಚಿ ಇಟ್ಟಿದ್ದ. ಬಣ್ಣವನ್ನೂ ಗೌಡರು ಹೇಳಿದಂತೆ ಬೇಗ ಮಾಸದ ಎನಾಮಲ್ಲನ್ನೇ ಬಳಿದ. ನೋಡಿದವರೆಲ್ಲ ಕೈ ಹಿಡಿದು ಜಗ್ಗಿ, ಅಲ್ಲಾಡದ್ದನ್ನು ಕಂಡು ಶಹಬ್ಬಾಸ್ ಅಂದರು. ನನಗೂ ಸನ್ಮಾನ ಮಾಡಿದಂತೆ ಒಂದು ತೆಂಗಿನಕಾಯಿ ಕೊಟ್ಟರು. ನಾನು ತೆಗೆದುಕೊಂಡೆ.

ದ್ಯಾಮವ್ವ ಹೋದ ದಿನ ನೀಲಪ್ಪ ಚಕ್ಕಡಿಯ ಹಿಂದೆ ಅಮರಗೋಳದವರೆಗೂ ನಡೆದನಂತೆ. ಉಡಚವ್ವ ಚಕ್ಕಡಿಯಿಂದ ಬಗ್ಗಿ "ಸಾಕೋ ನೀಲಪ್ಪಾ, ತಿರಗು" ಎಂದು ಮೂರು ಸಲ ಹೇಳಿದಳಂತೆ.

ಅದರ ನಂತರ ಐದು ವರ್ಷ ಬಂದವು, ಹೋದವು. ಎನಾಮಲ್ ಬಣ್ಣ ಮಾಸಲಿಲ್ಲ. ಎಲ್ಲೋ ಒಂದಿಷ್ಟು ಎದ್ದರೆ ಬೋರ್ಡು ಬರೆಯುವವನೊಬ್ಬನನ್ನು ಕರೆಸಿ ಗುಡಿಯಲ್ಲೇ ತಿದ್ದಿಸಿದರು. ನೀಲಪ್ಪ ಮಂಗಳವಾರ ಮಂಗಳವಾರ ತಾನೇ ಅಲ್ಲಿಗೆ ನಡೆದು ಹೋಗತೊಡಗಿದ. ರೊಟ್ಟಿ ಕಟ್ಟಿಕೊಂಡು ಹೋಗಿ, ಗುಡಿಯ ಹೊರಗಿನ ಕಟ್ಟೆಯ ಮೇಲೆ ಕೂತು, ತಿಂದು, ಕೈ ಮುಗಿದು ಬರುತ್ತಿದ್ದ. ಬೀಗರ ಊರಿನಲ್ಲಿ ಕರೆಯದೆ ಉಣ್ಣಬಾರದೆಂದು ಅವನ ಹಟ. ಊರವರು ಅವನು ಬಂದದ್ದನ್ನು ನೋಡುತ್ತಿದ್ದರು, ನಮಸ್ಕಾರ ಹೇಳುತ್ತಿದ್ದರು. ಅವನು ಯಾಕೆ ಬರುತ್ತಾನೆಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಓಣಿಯಲ್ಲಿ ಅವನ ಮನೆಗೆ ಅಡಿಗೆ ತರುವ ಕಾರಣ ಯಾರಿಗೂ ಉಳಿಯಲಿಲ್ಲ. ಮಂದಿ ಕೆಟ್ಟವರೆಂದಲ್ಲ, ಮಗಳು ಬಂದಾಗ ತರುವುದು ರೂಢಿ, ಮಗಳು ಬರಲಿಲ್ಲ.

ನಾನೂ ಹೋಗುವುದು ಕಡಿಮೆ ಮಾಡಿದೆ. ಒಮ್ಮೆ ಹೋದಾಗ ಅವನು ಪಡಸಾಲೆಯಲ್ಲಿ ಕೆಲಸವಿಲ್ಲದೆ ಕೂತಿದ್ದ. ಉಜ್ಜುಗೊರಡು ತೊಡೆಯ ಮೇಲಿತ್ತು. "ಕೂಡ್ರಿ ರಾಯರ, ಚಾ ಮಾಡ್ತೇನಿ" ಎಂದು ಎದ್ದ. ಚಹಾ ಮಾಡಿ ತಂದದ್ದು ಒಂದೇ ಬಟ್ಟಲು. ಮನೆಯಲ್ಲಿದ್ದದ್ದೇ ಒಂದು. ನಾನು ಕುಡಿಯುವವರೆಗೆ ನೋಡುತ್ತ ಕೂತು, ತೊಳೆದು, ಆಮೇಲೆ ತಾನು ಹಾಕಿಕೊಂಡ. ನಾನು ಬೇಗ ಎದ್ದು ಬಂದೆ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

೧೯೬೭ರ ಬೇಸಿಗೆಯಲ್ಲಿ ಬಿಸಿಲು ಬಲು ಜೋರಿತ್ತು. ಒಂದು ಮಧ್ಯಾಹ್ನ ಸೋಮಪ್ಪಗೌಡರು ಅಂಗಡಿಗೆ ಬಂದು ಕಟ್ಟೆಯ ಕೆಳಗೇ ನಿಂತರು.

"ಏನ್ ಅಂಟು ಕೊಟ್ರಿ ನೀವು? ನಮ್ಮವ್ವ ಒಡದಾಳ," ಅಂದರು.

"ಕೈ ಬಿಟ್ಟದೇನು?" ಎಂದು ಕೇಳಿದೆ.

"ಕೈ ಎಲ್ಲಿ ಬಿಡ್ತೈತಿ? ಕೈ ಹಂಗ ಐತಿ. ಭುಜದಿಂದ ಎದಿತನಾ ಸೀಳೈತಿ."

"ಹಂಗಾದ್ರ ಅಂಟಿನ ತಪ್ಪಲ್ಲ ಗೌಡ್ರ," ಎಂದಿತು ನನ್ನ ಬಾಯಿ. ಶರೀಫಸಾಬರು ಹಿಂದಿನಿಂದ ನನ್ನ ಅಂಗಿ ಹಿಡಿದು ಜಗ್ಗಿದರು.

ಊರಿನಲ್ಲಿ ಹಿರಿಯರು ಕೂಡಿ ಮಾತಾಡಿ ಆಗಿತ್ತು. ಮೂರ್ತಿ ಭಿನ್ನವಾಗಿದೆ, ಶುಕ್ರವಾರ ಕೆರೆಗೆ ಬಿಡುವುದು, ಹೊಸದನ್ನು ಮಾಡಿಸುವುದು. ತವರಿಗೆ ಹೇಳಿ ಕಳಿಸಬೇಕಲ್ಲ, ಅದಕ್ಕೆ ಗೌಡರು ಬಂದದ್ದು. ಆದರೆ ಅವರಿಗೆ ಕಮರಿಪೇಟೆಗೆ ಹೋಗುವ ಧೈರ್ಯವಿರಲಿಲ್ಲ. "ನೀವ ಹೇಳ್ರಿ," ಎಂದು ನನಗೆ ಹೊರಿಸಿ ಹೋದರು.

ನಾನು ಹೋಗಿ ಹೇಳಿದೆ. ನೀಲಪ್ಪ ಬಾಗಿಲ ಚೌಕಟ್ಟನ್ನು ಹಿಡಿದು ನಿಂತು ಕೇಳಿದ. ಎಲ್ಲಿಂದ ಎಲ್ಲಿಯವರೆಗೆ ಸೀಳಿದೆ ಎಂದು ಮಾತ್ರ ಕೇಳಿದ. ನನ್ನ ಎದೆಯ ಮೇಲೆ ಬೆರಳಿಟ್ಟು ತೋರಿಸಿದೆ. ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಹೊರಗೆ ಬಂದು, "ಸೀರಿ ತರಬೇಕ್ರಿ ರಾಯರ. ಮಗಳು ಸತ್ರ ತವರಿನ ಸೀರಿ ಹೊಚ್ಚಬೇಕಲ್ಲ. ನನಗ ಬಣ್ಣ ತಿಳೀವಲ್ದು, ಬರ್ತೀರೇನು?" ಅಂದ. ಇಬ್ಬರೂ ಹೋಗಿ ಹಸಿರು ಇಳಕಲ್ ಸೀರೆ ತಂದೆವು. ಅವನ ಕಣ್ಣಿಗೆ ಆ ದಿನ ಯಾವ ಬಣ್ಣವೂ ಕಾಣುತ್ತಿರಲಿಲ್ಲವೆಂದು ಕಾಣುತ್ತದೆ. ಅಂಗಡಿಯವನು ಏನು ಬಿಚ್ಚಿದರೂ ಹೌದು ಅನ್ನುತ್ತಿದ್ದ.

ಶುಕ್ರವಾರ ಬೆಳಿಗ್ಗೆ ಅವನ ಜೊತೆ ನಾನೂ ನಡೆದೆ. ಅವನು ಬೈಯಲಿ ಎಂದು ದಾರಿಯುದ್ದಕ್ಕೂ ಕಾದೆ, ಬೈಯಲಿಲ್ಲ. ಸೀರೆಯನ್ನು ಬಿಳಿಯ ವಸ್ತ್ರದಲ್ಲಿ ಗಂಟು ಕಟ್ಟಿ ಎದೆಗೆ ಹಿಡಿದುಕೊಂಡಿದ್ದ.

ದ್ಯಾಮವ್ವನನ್ನು ಗುಡಿಯ ಹೊರಗೆ ಬೇವಿನ ಗಿಡದ ಕೆಳಗೆ ಚಾಪೆಯ ಮೇಲೆ ಮಲಗಿಸಿದ್ದರು. ಬಣ್ಣ ಹೊಸದರಂತೆ ಹೊಳೆಯುತ್ತಿತ್ತು. ಬಲಭುಜದಿಂದ ಎದೆಯ ನಡುವಿನವರೆಗೆ ಒಂದು ಬಿರುಕು, ಬೆರಳು ತೂರುವಷ್ಟು. ಊರವರು ಸುತ್ತ ನಿಂತಿದ್ದರು. ನೀಲಪ್ಪ ಹತ್ತಿರ ಕೂತ. ಒಂದು ಕೈಯನ್ನು ಭುಜದ ಕೀಲಿನ ಮೇಲೆ ಇಟ್ಟು ಇನ್ನೊಂದರಿಂದ ದೇವಿಯ ತೋಳನ್ನು ಮೆಲ್ಲಗೆ ಅಲ್ಲಾಡಿಸಿ ನೋಡಿದ. ಅಲ್ಲಾಡಲಿಲ್ಲ. ಬಿರುಕಿನ ಅಂಚಿಗೆ ಬೆರಳು ಹಚ್ಚಿ ಮೇಲಿನಿಂದ ಕೆಳಗಿನವರೆಗೆ ಎಳೆದ. ಕಟ್ಟಿಗೆಯ ಎಳೆ ಹಿಡಿದೇ ಒಡೆದಿತ್ತು, ಅವನು ಹೇಳಿದ್ದಂತೆಯೇ.

ಸೋಮಪ್ಪಗೌಡರು ಮುಂದೆ ಬಂದರು. ಈಗ ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

"ನೀಲಪ್ಪಾ, ಹಿಂಗ ಆಕ್ಕತಿ ಅಂತ ನಿನಗ ಗೊತ್ತಿತ್ತೇನು?"

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ತಪ್ಪು ಅಂಟಿನದೆಂದು ಹೇಳಿ ನನ್ನ ಕಡೆ ಕೈ ಮಾಡಿದ್ದರೂ ನಡೆಯುತ್ತಿತ್ತು. ನಾನು ಅದಕ್ಕೆ ಸಿದ್ಧನಾಗಿಯೇ ಬಂದಿದ್ದೆ.

"ಗೊತ್ತಿತ್ರಿ," ಅಂದ ನೀಲಪ್ಪ.

ಸುತ್ತ ನಿಂತವರು ಗುಸುಗುಸು ಮಾತಾಡಿದರು. "ಗೊತ್ತಿದ್ದೂ ಹಾಕಿದೇನು? ಯಾಕ ಬಾಯಿ ಬಿಡಲಿಲ್ಲ?" ಎಂದರು ಗೌಡರು.

ಅವನು ಮೇಲೆ ನೋಡಲಿಲ್ಲ. ಮೂರ್ತಿಗೇ ಹೇಳುವಂತೆ ಹೇಳಿದ. "ಹೇಳಾಕ ಬಾಯಿ ಬರಲಿಲ್ರಿ. ಆಕಿ ನಮ್ಮನಿಗೆ ಬರ್ಲಿ ಅನ್ನೂ ಆಸೆ ನನ್ನ ಹೊಟ್ಟ್ಯಾಗ ಇತ್ತು. ನೀವು ನಕ್ಕಿದ್ದು ಖರೇ ಇತ್ರಿ ಗೌಡ್ರ. ನನಗ ಯಾರೂ ಇಲ್ಲ. ಕೀಲು ಸಡ್ಲ ಆದ್ರ ಆಕಿ ಬರ್ತಿದ್ಲು, ಮನಿ ತುಂಬತಿತ್ತು. ನನ್ನ ಆಸೆಗೆ ಆಕಿ ಕೈ ಸಡ್ಲ ಇಡೂದು ಪಾಪ ಅನಸ್ತು. ಅದಕ್ಕ ಸುಮ್ಮನಾದ್ನಿ. ನಾನ ಕೊಂದಂಗಾತು."

ಗೌಡರು ರುಮಾಲು ತೆಗೆದು ಕೈಯಲ್ಲಿ ಹಿಡಿದರು. ಆಗ ಹೆಂಗಸರ ನಡುವಿನಿಂದ ಉಡಚವ್ವ ಎದ್ದು ಬಂದಳು. ಎಂಬತ್ತು ದಾಟಿತ್ತು, ಇಬ್ಬರು ರಟ್ಟೆ ಹಿಡಿದು ಕರೆತಂದರು. ಅವನ ಎದುರಿಗೆ, ಮಗಳ ಇನ್ನೊಂದು ಮಗ್ಗುಲಿಗೆ, ನೆಲದ ಮೇಲೆ ಕೂತಳು.

"ನೀಲಪ್ಪಾ," ಅಂದಳು, "ತವರಮನಿಗೆ ಹೋಗಾಕ ಹೆಣ್ಣಮಗಳ ಕೈ ಯಾಕೋ ಮುರೀಬೇಕು? ಬಣ್ಣ ಯಾಕೋ ಮಾಸಬೇಕು? ನನಗ ಬ್ಯಾಸರ ಆಗೈತಿ, ಮಗಳನ್ನ ಕಳಸ್ರಿ ಅಂತ ಒಂದ ಮಾತು ಕೇಳಿದ್ರ ವರ್ಷಾ ವರ್ಷಾ ಕಳಸ್ತಿದ್ವಲ್ಲೋ ಯಪ್ಪಾ. ಐದ ವರ್ಷ ಆ ಕಟ್ಟಿ ಮ್ಯಾಲ ಬಂದ ಕುಂತಿ. ನೀ ಯಾಕ ಕೇಳಲಿಲ್ಲ? ನಾವರ ಯಾಕ ಕೇಳಲಿಲ್ಲ?"

ನೀಲಪ್ಪ ಸೀರೆಯ ಗಂಟು ಬಿಚ್ಚಲು ನೋಡಿದ, ಬಿಚ್ಚಲಾಗಲಿಲ್ಲ. ಮುದುಕಿಯೇ ಅವನ ಕೈಯಿಂದ ಗಂಟು ತೆಗೆದುಕೊಂಡು ಬಿಚ್ಚಿದಳು.